ಅಮ್ಮನ ನೈಟಿಗೆ ಜೇಬಿಲ್ಲ: ಹೆಂಗಸರಿಗೆ ವ್ಯಾಯಾಮ ಮಾಡಿಸುವ ಗೇಮ್ ಕಟ್ಟೋದು ಯಾಕಿಷ್ಟು ಕಷ್ಟ?

ಎಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಹುಡುಗರು ಸೇರಿ ಒಂದು ಮೊಬೈಲ್ ಗೇಮ್ ಮಾಡಿದ್ದೆವು. ‘ಮಹಿಳೆಯರ ಆರೋಗ್ಯಕ್ಕಾಗಿ’ ಅಂತ ವರದಿಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದೆವು. ನಡೆದಷ್ಟೂ ಸ್ಕ್ರೀನ್ ಮೇಲಿನ ತೇರು ಮುಂದೆ ಹೋಗುತ್ತೆ, ಸಾವಿರ ಹೆಜ್ಜೆಗೆ ರಥಬೀದಿಯ ಒಂದು ಸುತ್ತು. ಅಷ್ಟೇ. ಪರೀಕ್ಷೆಗೆ ಸಿಕ್ಕ ಮೊದಲ ಮಹಿಳೆ ನನ್ನಮ್ಮ. ಬೆಳಗ್ಗೆ ನನ್ನ ಫೋನನ್ನೇ ಅವರ ಕೈಗೆ ಕೊಟ್ಟು ಹೋದೆ. ಸಂಜೆ ಬಂದು ನೋಡಿದರೆ ತೇರು ನಿಂತಲ್ಲೇ ನಿಂತಿತ್ತು. ಫೋನ್ ಇಡೀ ದಿನ ಫ್ರಿಜ್ ಮೇಲೆ ಕೂತಿತ್ತು. “ನೈಟೀಲಿ ಜೇಬೆಲ್ಲಿದೆ? ಎಲ್ಲಿ ಇಟ್ಕೊಳ್ಳಲಿ ಇದನ್ನ?” ಅಂದ್ರು.

ಮಾರನೇ ದಿನ ಸೀರೆಯುಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆವತ್ತು ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಾಗಲೇ ತೇರು ಎರಡು ಸುತ್ತು ಹಾಕಿತ್ತು.

ಯಾಕೆ ಅಂದ್ರೆ, ಫೋನಿಗೆ ಹೆಜ್ಜೆ ಅಂದರೇನು ಅಂತ ಗೊತ್ತಿಲ್ಲ. ಅದರೊಳಗಿನ ಆಕ್ಸೆಲರೋಮೀಟರ್ ಮೂರು ದಿಕ್ಕುಗಳಲ್ಲಿ ಅಲುಗಾಟವನ್ನು ಅಳೆಯುತ್ತೆ. ನಡೆಯುವಾಗ ಆ ಅಂಕಿಗಳು ಒಂದು ಲಯದಲ್ಲಿ ಏರಿ ಇಳಿಯುತ್ತವೆ. ಒಂದೊಂದು ಏರಿಕೆಯೂ ಒಂದು ಹೆಜ್ಜೆ ಅನ್ನೋದು ಸಾಫ್ಟ್‌ವೇರ್‌ನ ಊಹೆ. ಬಟ್ಟೆ ಕುಕ್ಕೋದಕ್ಕೂ ಲಯ ಇದೆಯಲ್ಲ! ನಾವದನ್ನು ವರದಿಯಲ್ಲಿ ‘ದೋಷ’ ಅಂತ ಬರೆದು, ಮೂರು ರಾತ್ರಿ ಕೂತು ಫಿಲ್ಟರ್ ಹಾಕಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ ಸಂಬಳವಿಲ್ಲದ ಮನೆಗೆಲಸವನ್ನೂ ದೈಹಿಕ ಚಟುವಟಿಕೆಯ ಲೆಕ್ಕಕ್ಕೆ ತಗೊಳ್ಳುತ್ತೆ ಅಂತ ಆಮೇಲೆ ಗೊತ್ತಾಯ್ತು. ಅಂದ್ರೆ ನಾವು ಬರೆದದ್ದು ಅಮ್ಮನ ದುಡಿಮೆಯನ್ನು ಅಳಿಸುವ ಕೋಡ್.

ಹಾಗಂತ ‘ಮನೆಗೆಲಸ ಮಾಡೋರಿಗೆ ವ್ಯಾಯಾಮ ಯಾಕೆ’ ಅನ್ನೋ ವಾದವೂ ನಿಲ್ಲಲ್ಲ. ಬಹಳಷ್ಟು ಮನೆಗೆಲಸ ಆಯಾಸ ತರುತ್ತೆ, ಆದರೆ ಏದುಸಿರು ಬರಿಸಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತೆ ಅದೇ ಸಂಸ್ಥೆ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ ಶೇ. 57ರಷ್ಟು ಹೆಂಗಸರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಇದು ಶೇ. 42. ಸೋಮಾರಿತನ ಅನ್ನೋ ಮುಂಚೆ ಇನ್ನೊಂದು ಅಂಕಿ ನೋಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ. ಗಂಡಸರು 88. ಅದೂ ಮನೆಗೆಲಸ ಮಾಡುವ ಗಂಡಸರು ಮಾತ್ರ, ಮಾಡದವರು ಈ ಸರಾಸರಿಯಲ್ಲೇ ಇಲ್ಲ. “ನಿಮ್ಮಪ್ಪಂಗೂ ಒಂದು ಗೇಮ್ ಮಾಡ್ಕೊಡು, ಪಾತ್ರೆ ತೊಳೆದ್ರೆ ತೇರು ಓಡೋ ಹಂಗೆ” ಅಂತ ಅಮ್ಮ ಆಗಲೇ ಹೇಳಿದ್ದರು. ನಾವು ನಕ್ಕು ಸುಮ್ಮನಾಗಿದ್ದೆವು.

ದೊಡ್ಡ ಕಂಪನಿಗಳೂ ಎಡವಿವೆ. 2007ರ ಕೊನೆಗೆ ಜಪಾನಿನಲ್ಲಿ ಬಿಡುಗಡೆಯಾದ ನಿಂಟೆಂಡೊದ ‘ವೀ ಫಿಟ್’ 2 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯ್ತು. ಅದರ ಜೊತೆ ಬರುವ ಹಲಗೆಯ ನಾಲ್ಕು ಮೂಲೆಯಲ್ಲೂ ಸೆನ್ಸರ್ ಇತ್ತು. ಮೇಲೆ ನಿಂತರೆ ತೂಕವನ್ನೂ, ದೇಹದ ಭಾರ ಯಾವ ಕಡೆ ವಾಲಿದೆ ಅನ್ನೋದನ್ನೂ ಹೇಳುತ್ತೆ. ತಂತ್ರಜ್ಞಾನವಾಗಿ ಸೊಗಸು. ಆದರೆ ಅದು ತೂಕ, ಎತ್ತರದ ಲೆಕ್ಕ ಹಾಕಿ ಆಡುವವರಿಗೆ ಹಣೆಪಟ್ಟಿಯನ್ನೂ ಹಚ್ಚುತ್ತಿತ್ತು. 2008ರಲ್ಲಿ ಬ್ರಿಟನ್ನಿನ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ‘ನೀನು ದಪ್ಪ’ ಅಂದುಬಿಟ್ಟಿತು. ಕಂಪನಿ ಕ್ಷಮೆ ಕೇಳಬೇಕಾಯ್ತು. ಮದುವೆ ಮನೆಯಲ್ಲಿ ನಮ್ಮ ಅತ್ತೆಯಂದಿರು ಪುಕ್ಕಟೆ ಮಾಡುವ ಕೆಲಸವನ್ನು ದುಡ್ಡು ಕೊಟ್ಟು ಕೊಂಡ ಯಂತ್ರವೂ ಮಾಡಬೇಕಾ?

2019ರ ‘ರಿಂಗ್ ಫಿಟ್ ಅಡ್ವೆಂಚರ್’ ಇದಕ್ಕಿಂತ ಬುದ್ಧಿವಂತ. ಕೈಯಲ್ಲೊಂದು ಬಳೆಯಂಥ ರಿಂಗು, ತೊಡೆಗೊಂದು ಪಟ್ಟಿ. ನೀವು ಬಸ್ಕಿ ಹೊಡೆದರೆ ಗೇಮ್‌ನಲ್ಲಿ ರಾಕ್ಷಸನಿಗೆ ಏಟು ಬೀಳುತ್ತೆ. ನನಗೆ ಹಿಡಿಸಿದ್ದು ಅದರ ಇನ್ನೊಂದು ಆಯ್ಕೆ: ಕೆಳಗಿನ ಮನೆಯವರಿಗೆ ಸದ್ದಾಗಬಾರದು ಅಂದ್ರೆ ಓಡುವ ಬದಲು ಮಂಡಿ ಮಡಚಿ ಏಳಬಹುದು. ಆಡೋರು ಒಂದು ಮನೆಯೊಳಗಿದ್ದಾರೆ, ಸುತ್ತ ಕಿವಿಗಳಿವೆ ಅಂತ ಯಾರೋ ಯೋಚಿಸಿದ್ದಾರೆ. ಆದರೆ ಇದಕ್ಕೆ ಕನ್ಸೋಲ್ ಬೇಕು, ಟಿವಿ ಬೇಕು, ಹಾಲ್ ಖಾಲಿ ಇರಬೇಕು. ನಮ್ಮ ಎಷ್ಟು ಮನೆಗಳಲ್ಲಿ ಸಂಜೆ ಹೊತ್ತು ಟಿವಿ, ಹಾಲ್ ಎರಡೂ ಹೆಂಗಸರ ಕೈಗೆ ಸಿಗುತ್ತೆ?

ಹೊರಗೆ ಹೋಗೋಣ ಅಂದ್ರೆ 2012ರ ‘ಝಾಂಬೀಸ್, ರನ್!’ ಇದೆ. ಇದನ್ನು ಕಟ್ಟಿದವರಲ್ಲಿ ಕಾದಂಬರಿಕಾರ್ತಿ ನವೋಮಿ ಆಲ್ಡರ್‌ಮನ್ ಒಬ್ಬರು. ಸ್ಕ್ರೀನ್ ನೋಡುವಂತಿಲ್ಲ, ಇಯರ್‌ಫೋನಿನಲ್ಲಿ ಕತೆ ಕೇಳ್ತಾ ಓಡಬೇಕು. ಬೆನ್ನ ಹಿಂದೆ ಝಾಂಬಿಗಳ ಗುರುಗುರು ಕೇಳಿದರೆ ಒಂದು ನಿಮಿಷ ವೇಗ ಹೆಚ್ಚಿಸಬೇಕು. ನಾನು ಆಡಿದೆ, ಮಜಾ ಇತ್ತು. ನನ್ನ ಸಹೋದ್ಯೋಗಿಯೊಬ್ಬಳಿಗೆ ಹೇಳಿದೆ. ಅವಳಂದಳು: “ಪಾರ್ಕ್‌ನಲ್ಲಿ ನಾನು ಯಾವತ್ತೂ ಒಂದೇ ಕಿವಿಗೆ ಇಯರ್‌ಫೋನ್ ಹಾಕೋದು. ಇನ್ನೊಂದು ಕಿವಿ ಹಿಂದೆ ಬರೋರಿಗೆ.” ನನಗೆ ಆಟವಾದದ್ದು ಅವಳಿಗೆ ದಿನಚರಿ.

ಈಗ ಮತ್ತೆ ಮಾಡೋದಾದರೆ? ತೂಕ ಕೇಳಲ್ಲ. ‘ದಿನಾ ತಪ್ಪಿಸಬೇಡಿ’ ಅನ್ನೋ ಸ್ಟ್ರೀಕ್ ಇಡಲ್ಲ. ಮುಟ್ಟಿನ ನೋವಿನ ದಿನ, ನೆಂಟರು ಬಂದ ದಿನ ಅದು ಮುರಿದುಬಿದ್ದರೆ ಮತ್ತೆ ಶುರು ಮಾಡಲು ಯಾರಿಗೆ ಮನಸ್ಸಾಗುತ್ತೆ? ಗುರಿ ವಾರದ್ದೇ ಇರಲಿ. ಒಂದೇ ಸಲ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಅನ್ನೋ ಹಳೇ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಕೈಬಿಟ್ಟಿದೆ. ಹಾಗಾಗಿ ಕುಕ್ಕರ್ ಕೂಗೋದರೊಳಗೆ ಮುಗಿಯುವ ಆಟಗಳು ಸಾಕು: ಗೋಡೆಗೆ ಕೈಕೊಟ್ಟು ಪುಷ್‌ಅಪ್, ಕುರ್ಚಿಯಿಂದ ಎದ್ದು ಕೂರೋದು. ಫೋನನ್ನು ಶೆಲ್ಫ್ ಮೇಲೆ ನಿಲ್ಲಿಸಿದರೆ ಕ್ಯಾಮೆರಾ ಮೈಯ ಕೀಲುಗಳನ್ನು ಗುರುತಿಸಿ ಎಣಿಸುತ್ತೆ, ಜೇಬು ಬೇಡ. ಆದರೆ ಅಡುಗೆಮನೆಯಲ್ಲಿ ನೈಟಿ ಹಾಕಿಕೊಂಡಿರುವವರ ಮುಂದೆ ಕ್ಯಾಮೆರಾ ಇಡೋದು ಸಣ್ಣ ಮಾತಲ್ಲ. ಆ ಚಿತ್ರ ಫೋನಿನೊಳಗೇ ಲೆಕ್ಕವಾಗಿ ಅಲ್ಲೇ ಅಳಿಸಿಹೋಗಬೇಕು, ಸರ್ವರ್‌ಗೆ ಒಂದು ಫ್ರೇಮ್ ಕೂಡ ಹೋಗಬಾರದು. ಅಷ್ಟು ಲೆಕ್ಕವನ್ನು ಇವತ್ತಿನ ಮಾಮೂಲಿ ಫೋನೂ ಮಾಡಬಲ್ಲದು.

ಅಮ್ಮನಿಗೆ ಇದೆಲ್ಲ ವಿವರಿಸಿದೆ. ತೇರು ಇರುತ್ತಾ ಅಂತ ಕೇಳಿದರು. ಇರುತ್ತೆ ಅಂದೆ.