ಓದುಬರಹ ಬಾರದವನ ಸಹಿ

2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಹರಾಜೊಂದರಲ್ಲಿ 1911ರ ಒಂದು ಕಪ್ಪುಬಿಳುಪು ಫೋಟೊ 14 ಲಕ್ಷ ಡಾಲರ್‌ಗೂ ಮೀರಿದ ಬೆಲೆಗೆ ಹೋಯಿತು. ಫೋಟೊದಲ್ಲಿರುವುದು ಬೇಸ್‌ಬಾಲ್ ಆಟಗಾರ ಜೋ ಜಾಕ್ಸನ್. ಅಷ್ಟು ಬೆಲೆ ತಂದುಕೊಟ್ಟದ್ದು ಅದರ ಮೇಲೆ ಆತ ಕೈಯಾರೆ ಹಾಕಿದ ಸಹಿ. ದಕ್ಷಿಣ ಕೆರೊಲಿನಾದ ಬಟ್ಟೆ ಗಿರಣಿಯಲ್ಲಿ ಎಳವೆಯಿಂದಲೇ ದುಡಿದ ಜೋಗೆ ಓದುಬರಹ ಕಲಿಯುವ ಯೋಗ ಬರಲಿಲ್ಲ. ಅಭಿಮಾನಿಗಳು ಕಳಿಸಿದ ಚೆಂಡು, ಕಾಗದಗಳ ಮೇಲೆ ಹೆಚ್ಚಾಗಿ ಹೆಂಡತಿ ಕೇಟಿಯೇ ಗಂಡನ ಹೆಸರು ಬರೆದು ಕೊಡುತ್ತಿದ್ದಳು.

ಇದು ಜೋನದು, ಇದು ಕೇಟಿಯದು, ಇದು ಮೊನ್ನೆ ಯಾರೋ ಗೀಚಿದ್ದು ಎಂದು ಬಿಡಿಸಿ ಹೇಳುವುದೇ ಅಮೆರಿಕದಲ್ಲಿ ಒಂದು ಕಸುಬು. ಪಿಎಸ್‌ಎ, ಜೆಎಸ್‌ಎ, ಬೆಕೆಟ್‌ನಂಥ ಸಂಸ್ಥೆಗಳು ಶುಲ್ಕ ಪಡೆದು ಸಹಿಗಳನ್ನು ಪರೀಕ್ಷಿಸಿ ತೀರ್ಪು ಕೊಡುತ್ತವೆ.

ಹೊಸಬರ ಕಣ್ಣು ಅಕ್ಷರದ ಆಕಾರದ ಮೇಲಿದ್ದರೆ ಪಳಗಿದವರ ಕಣ್ಣು ಪೆನ್ನು ಓಡಿದ ರೀತಿಯ ಮೇಲಿರುತ್ತದೆ. ಸಾವಿರಾರು ಸಲ ಸಹಿ ಹಾಕಿದ ಕೈಗೆ ಯೋಚನೆ ಬೇಕಿಲ್ಲ. ಮೊನೆ ಕಾಗದ ಮುಟ್ಟುವ ಹೊತ್ತಿಗೇ ಕೈ ಹೊರಟುಬಿಟ್ಟಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಸಣ್ಣಗೆ ಶುರುವಾಗಿ, ಒತ್ತು ಬಿದ್ದಲ್ಲಿ ದಪ್ಪಗಾಗಿ, ಕೊನೆಗೆ ಮತ್ತೆ ಎಳೆಯಾಗಿ ಮುಗಿಯುವುದು ಕಾಣುತ್ತದೆ. ನಕಲು ಮಾಡುವವನು ಒಂದನೇ ತರಗತಿಯ ಮಗುವಿನಂತೆ ಅಕ್ಷರ ತಿದ್ದುತ್ತಾನೆ. ಅವನ ಗೆರೆ ಉದ್ದಕ್ಕೂ ಒಂದೇ ದಪ್ಪ, ಶುರುವಿನಲ್ಲಿ ಮೊಂಡು, ತಿರುವಿನಲ್ಲಿ ನಡುಕ. ಎತ್ತಬಾರದ ಕಡೆ ಪೆನ್ನು ಎತ್ತಿ ಮತ್ತೆ ಇಟ್ಟ ಗುರುತೂ ಸಿಗುತ್ತದೆ. ಎರಡು ಸಹಿಗಳು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕೂತರೆ ಪರೀಕ್ಷಕರು ಇನ್ನಷ್ಟು ಹುಷಾರಾಗುತ್ತಾರೆ. ಮನುಷ್ಯನ ಕೈ ಎರಡು ಸಲ ಪಡಿಯಚ್ಚು ಬರೆಯದು. ಅಲ್ಲಿ ರಬ್ಬರ್ ಮೊಹರೋ ಯಂತ್ರವೋ ಕೆಲಸ ಮಾಡಿರಬೇಕು.

ಜೋ ಜಾಕ್ಸನ್ ಮುಂದೆ ಮಾತ್ರ ಈ ಪಾಠವೆಲ್ಲ ತಲೆಕೆಳಗು. ಆತನ ಅಸಲಿ ಸಹಿಯೇ ತಿದ್ದಿ ಬರೆದದ್ದು! ಹೆಸರಿನ ಆಕಾರವನ್ನು ಬಾಯಿಪಾಠ ಮಾಡಿಕೊಂಡು ಚಿತ್ರದಂತೆ ಬಿಡಿಸುತ್ತಿದ್ದ ಕೈ ಅದು. ಸರಾಗವಾಗಿ ಓಡಿದ ಚೆಂದದ ಬರಹ ಕಂಡರೆ ಕೇಟಿಯದಿರಬಹುದು ಎಂಬ ಅನುಮಾನ ಮೊದಲು ಬರುತ್ತದೆ. ತಡವರಿಕೆ ಕಂಡಿತೆಂದು ನಂಬುವ ಹಾಗೂ ಇಲ್ಲ, ಕಳ್ಳನ ಕೈಯೂ ತಡವರಿಸುತ್ತದೆ. ಆಗ ಆಧಾರವಾಗುವುದು ಕಾನೂನಿನ ಕಾಗದಪತ್ರಗಳು. ಅಲ್ಲಿ ಹೆಂಡತಿಯ ಕೈಬರಹ ನಡೆಯುವುದಿಲ್ಲ, ಜೋನೇ ಪೆನ್ನು ಹಿಡಿಯಬೇಕಿತ್ತು. 1951ರಲ್ಲಿ ಆತ ಗ್ರೀನ್‌ವಿಲ್‌ನಲ್ಲಿ ತೀರಿಕೊಂಡ ಮೇಲೆ ಆತನ ಉಯಿಲು ಅಲ್ಲಿನ ನ್ಯಾಯಾಲಯದ ದಾಖಲೆಗಳಲ್ಲಿ ಉಳಿಯಿತು. ಕೇಟಿಯ ಆಸ್ತಿಗೆ ವಾರಸುದಾರರಾದ ಎರಡು ಸೇವಾಸಂಸ್ಥೆಗಳು ಆ ಹಾಳೆ ತಮಗೆ ಸೇರಬೇಕೆಂದು ದಾವೆ ಹೂಡಿದವು. ಅದು ಸಾರ್ವಜನಿಕ ದಾಖಲೆ, ಕೊಡಲಾಗದು ಎಂದು 1997ರಲ್ಲಿ ದಕ್ಷಿಣ ಕೆರೊಲಿನಾದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ತೀರ್ಪು ನನಗೆ ತುಂಬ ಸರಿಯೆನಿಸುತ್ತದೆ. ತಾಳೆ ನೋಡಲು ಬೇಕಾದ ಮಾದರಿ ಸಹಿಯೇ ಯಾರದೋ ತಿಜೋರಿ ಸೇರಿದರೆ ಉಳಿದವುಗಳನ್ನು ಯಾವುದರ ಪಕ್ಕ ಇಟ್ಟು ನೋಡುವುದು?

ಸಹಿಯಷ್ಟೇ ಅದು ಕೂತಿರುವ ವಸ್ತುವೂ ಸಾಕ್ಷಿ ಹೇಳುತ್ತದೆ. ಅಮೆರಿಕದ ಅಂಗಡಿಗೆ ಬಾಲ್‌ಪೆನ್ ಬಂದದ್ದು 1945ರಲ್ಲಿ. 1941ರಲ್ಲೇ ತೀರಿಕೊಂಡ ಬೇಸ್‌ಬಾಲ್ ಆಟಗಾರ ಲೂ ಗೆರಿಗ್‌ನ ಸಹಿ ಬಾಲ್‌ಪೆನ್ನಿನಲ್ಲಿದ್ದರೆ ಮುಂದೆ ನೋಡುವುದೇ ಬೇಡ. ಬೇಸ್‌ಬಾಲ್ ಚೆಂಡಿನ ಮೇಲೆ ಲೀಗ್ ಅಧ್ಯಕ್ಷರ ಹೆಸರು ಅಚ್ಚಾಗಿರುತ್ತಿತ್ತು. ವಿಲಿಯಂ ಹ್ಯಾರಿಡ್ಜ್ ಅಮೆರಿಕನ್ ಲೀಗ್ ಅಧ್ಯಕ್ಷರಾದದ್ದು 1931ರಲ್ಲಿ. ಅವರ ಹೆಸರಿನ ಚೆಂಡನ್ನು ತೋರಿಸಿ ಇದಕ್ಕೆ ಆಟಗಾರ ಬೇಬ್ ರೂತ್ 1927ರಲ್ಲಿ ಸಹಿ ಹಾಕಿದ್ದು ಎಂದರೆ ಲೆಕ್ಕ ತಪ್ಪುತ್ತದೆ.

ಇಷ್ಟಾದರೂ ಪರೀಕ್ಷಕರು ಕೊಡುವುದು ಅಭಿಪ್ರಾಯ. ಕಳ್ಳರು ಪ್ರಮಾಣಪತ್ರವನ್ನೂ ಅಚ್ಚು ಹಾಕುತ್ತಾರೆ. 1990ರ ದಶಕದ ಕೊನೆಯಲ್ಲಿ ನಕಲಿ ಸಹಿಗಳ ಜಾಲದ ಮೇಲೆ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ಕಾರ್ಯಾಚರಣೆಯಲ್ಲಿ ಮದರ್ ತೆರೇಸಾರ ನಕಲಿ ಸಹಿ ಇರುವ ಬೇಸ್‌ಬಾಲ್ ಕೂಡ ಸಿಕ್ಕಿತು. ಸ್ಯಾನ್ ಡಿಯಾಗೊದ ಆಟಗಾರ ಟೋನಿ ಗ್ವಿನ್ ತನ್ನದೇ ಕ್ಲಬ್ಬಿನ ಅಂಗಡಿಯಲ್ಲಿ ತನ್ನ ನಕಲಿ ಸಹಿಗಳು ಮಾರಾಟಕ್ಕಿದ್ದುದನ್ನು ಕಂಡು ಎಚ್ಚರಿಸಿದ್ದ. ಆಮೇಲೆ, 2001ರಲ್ಲಿ, ಮೇಜರ್ ಲೀಗ್ ಬೇಸ್‌ಬಾಲ್ ಬೇರೆ ದಾರಿ ಹಿಡಿಯಿತು. ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ ಅನುಭವವುಳ್ಳವರು ಎದುರಿಗೇ ನಿಂತು ನೋಡಿದ ಸಹಿಗೆ ಮಾತ್ರ ಸಂಖ್ಯೆಯುಳ್ಳ ಹೊಲೊಗ್ರಾಮ್ ಅಂಟಿಸುತ್ತಾರೆ. ಎಷ್ಟೇ ದೊಡ್ಡ ತಜ್ಞರ ಊಹೆಗಿಂತ ಕಣ್ಣಾರೆ ಕಂಡವರ ಮಾತೇ ಮೇಲು ಎಂದು ನಾನು ನಂಬುತ್ತೇನೆ.

ಬೆಲೆಯ ಲೆಕ್ಕಕ್ಕೂ ಆಟದ ಹಿರಿಮೆಗೂ ನೇರ ಸಂಬಂಧವಿಲ್ಲ. ಕ್ರಿಕೆಟ್ಟನ್ನೇ ನೋಡಿ. 99.94ರ ಬ್ಯಾಟಿಂಗ್ ಸರಾಸರಿಯ ಡಾನ್ ಬ್ರಾಡ್ಮನ್ ಇಳಿವಯಸ್ಸಿನವರೆಗೂ ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆದು, ಕೇಳಿದವರಿಗೆ ಸಹಿ ಹಾಕಿಕೊಟ್ಟರು. ಹಾಗಾಗಿ ಅವರ ಸಹಿ ಸಾಮಾನ್ಯ ಸಂಗ್ರಾಹಕರ ಕೈಗೂ ಎಟುಕುತ್ತದೆ. 1915ರಲ್ಲಿ, 37ರ ಹರೆಯದಲ್ಲೇ ತೀರಿಕೊಂಡ ಆಸ್ಟ್ರೇಲಿಯಾದ ಇನ್ನೊಬ್ಬ ಬ್ಯಾಟ್ಸ್‌ಮನ್ ವಿಕ್ಟರ್ ಟ್ರಂಪರ್ ಸಹಿ ಹುಡುಕಿದರೂ ಸಿಗುವುದು ಕಷ್ಟ.

ನಮ್ಮಲ್ಲಿ ಹೆಚ್ಚು ಜನ ಮೋಸಹೋಗುವುದು ಬ್ಯಾಟಿನ ವಿಷಯದಲ್ಲಿ. ಆಟಗಾರರ ಸಹಿಯನ್ನು ಬ್ಯಾಟಿನ ಮೇಲೆ ಅಚ್ಚು ಹಾಕಿ ಮಾರುವುದು ಹಳೆಯ ರೂಢಿ. ಬ್ರಾಡ್ಮನ್ ಹೆಸರಿನ ಸೈಕ್ಸ್ ಬ್ಯಾಟುಗಳೂ ಹಾಗೆ ಬಂದವು. ಅಜ್ಜನ ಕಾಲದ ಬ್ಯಾಟಿನಲ್ಲಿ ಸಹಿ ಕಂಡರೆ ಒಂದು ಗೆರೆ ಇನ್ನೊಂದನ್ನು ದಾಟುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಪೆನ್ನಿನ ಇಂಕಾದರೆ ಸಾಮಾನ್ಯವಾಗಿ ಅಲ್ಲಿ ಬಣ್ಣ ಗಾಢವಾಗಿರುತ್ತದೆ, ಅಚ್ಚಾದರೆ ಎಲ್ಲೆಡೆ ಒಂದೇ ಸಮ.

ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾದು ನಿಂತ ಮಗುವಿಗೆ ಸಹಿ ಸಿಕ್ಕಿದರೆ ಅದೇ ಸಂಜೆ ದಿನಾಂಕ, ಪಂದ್ಯ, ಸಹಿ ಹಾಕಿದವರ ಹೆಸರನ್ನು ಬೇರೊಂದು ಚೀಟಿಯಲ್ಲಿ ಬರೆಸಿಡಿ. ಸಹಿ ಹಾಕುತ್ತಿರುವಾಗಲೇ ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಇಂಕು ಮಸುಕಾಗುತ್ತದೆ. ಮಸುಕಾಯಿತೆಂದು ಅದರ ಮೇಲೆ ಮತ್ತೆ ಪೆನ್ನು ಆಡಿಸಲೂಬೇಡಿ. ಪಂದ್ಯದ ಟಿಕೆಟ್ ಇದ್ದರೆ ಅದನ್ನೂ ಜೊತೆಗೇ ಇಟ್ಟುಕೊಳ್ಳಿ.