ಎರಡು ಮೈಕ್, ಒಂದು ಲ್ಯಾಪ್‌ಟಾಪ್: ತಪ್ಪು ಡ್ರೈವರ್‌ಗಳದೇ?

ಪ್ರಶ್ನೆ: ಬಯಲಾಟದ ಹಾಡು ರೆಕಾರ್ಡ್ ಮಾಡಲು ವಿಂಡೋಸ್ ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೈಕ್ ಸಿಕ್ಕಿಸಿದರೆ ಧ್ವನಿ ದಾಖಲಾಗುವುದಿಲ್ಲ. ಡ್ರೈವರ್‌ಗಳು ಒಂದಕ್ಕೊಂದು ಅಡ್ಡಬರುತ್ತವೆಯೇ?
– ಓದುಗರೊಬ್ಬರು, ಮರಳಿ, ಗಂಗಾವತಿ ತಾಲ್ಲೂಕು

ಉತ್ತರ: ಬಹುತೇಕ ಸಲ ಇಲ್ಲ. ಒಳಗಿನ ಮೈಕಿಗೂ ಯುಎಸ್‌ಬಿ ಮೈಕಿಗೂ ಬೇರೆ ಬೇರೆ ಡ್ರೈವರ್ ಇರುತ್ತವೆ; ಅವು ಒಟ್ಟಿಗೇ ಕೆಲಸ ಮಾಡಬಲ್ಲವು. ಯುಎಸ್‌ಬಿ ಆಡಿಯೋ 2.0 ಸಾಧನಗಳ ಡ್ರೈವರ್ ಕೂಡ 2017ರಿಂದ ವಿಂಡೋಸ್ 10ರಲ್ಲೇ ಅಡಕವಾಗಿದೆ. ನಿಜವಾದ ತಕರಾರು ಮೈಕ್ ಯಾರ ವಶದಲ್ಲಿದೆ ಎಂಬುದು. ಒಂದು ತಂತ್ರಾಂಶ ಅದನ್ನು ‘ಎಕ್ಸ್‌ಕ್ಲೂಸಿವ್ ಮೋಡ್’ನಲ್ಲಿ ಹಿಡಿದರೆ ಉಳಿದವಕ್ಕೆ ಸಿಗದು. ರೆಕಾರ್ಡಿಂಗ್ ತಂತ್ರಾಂಶ ಒಳಗಿನ ಮೈಕನ್ನೇ ಆಲಿಸುತ್ತಿರಬಹುದು, ಇಲ್ಲವೇ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಮೈಕಿನ ಅನುಮತಿಯೇ ಇಲ್ಲದಿರಬಹುದು.

ಹಾಗಿದ್ದರೆ ಡ್ರೈವರ್ ತೆಗೆದು ಮತ್ತೆ ಹಾಕಿದಾಗ ಎಷ್ಟೋ ಸಲ ಸರಿಹೋಗುವುದೇಕೆ ಎಂದು ಕೇಳಬಹುದು. ಆಗ ಕೆಟ್ಟ ಸೆಟ್ಟಿಂಗ್‌ಗಳೂ ಅಳಿದು ಮೊದಲಿನಂತಾಗುತ್ತವೆ. ಗುಣವಾಗಿದ್ದಕ್ಕೆ ಅದೇ ಕಾರಣವಿರಬಹುದು. ಡ್ರೈವರೇ ಕೆಡುವುದೂ ಉಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡರೆ ಅನುಮಾನ ಅತ್ತ ತಿರುಗಲಿ. ಆಗ ತಯಾರಕರ ಅಧಿಕೃತ ಡ್ರೈವರನ್ನೇ ಹಾಕಿ. ಗುರುತಿಲ್ಲದಿದ್ದರೆ ಮೊದಲು ಮೈಕಿನ ಅನುಮತಿ, ಬಳಿಕ ತಂತ್ರಾಂಶದಲ್ಲಿ ಮೈಕಿನ ಆಯ್ಕೆ, ಕೊನೆಗೆ ಎಕ್ಸ್‌ಕ್ಲೂಸಿವ್ ಮೋಡ್ ಪರೀಕ್ಷಿಸಿ. ಆಟ ಶುರುವಾಗುವ ಮೊದಲೇ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ; ತಪ್ಪಿಹೋದ ಹಾಡು ಮತ್ತೆ ಸಿಗುವುದಿಲ್ಲ.