ನೆರಳು ಹೋದ ಹಳ್ಳ

ಅಮೆರಿಕದ ಆರೆಗಾನ್ ಕರಾವಳಿಯ ಗುಡ್ಡಸಾಲಿನಲ್ಲಿ ಮೂರು ಪುಟ್ಟ ಹಳ್ಳಗಳಿವೆ. ಕಾಡು ಕಡಿದರೆ ಹಳ್ಳಕ್ಕೆ ಏನಾಗುತ್ತದೆ ಎಂಬ ಅಧ್ಯಯನಕ್ಕಾಗಿ 1959ರಿಂದ ಅವುಗಳ ನೀರು, ಹೂಳು, ಮೀನು ಎಲ್ಲದರ ಲೆಕ್ಕ ಇಡಲಾಗುತ್ತಿತ್ತು. 1966ರಲ್ಲಿ ಕೊಡಲಿಯ ಸರದಿ ಬಂತು. ಫ್ಲಿನ್ ಕ್ರೀಕ್ ಸುತ್ತಲಿನ ಕಾಡನ್ನು ಯಾರೂ ಮುಟ್ಟಲಿಲ್ಲ. ಡೀರ್ ಕ್ರೀಕ್‌ನಲ್ಲಿ ಅಲ್ಲಲ್ಲಿ ಕಡಿದರೂ ದಡದ ಮರ, ಪೊದೆಗಳನ್ನು ಬಿಟ್ಟರು. ನೀಡಲ್ ಬ್ರಾಂಚ್‌ಗೆ ಮಾತ್ರ ಆ ದಯೆಯೂ ಸಿಗಲಿಲ್ಲ. ನೀರಿನಂಚಿನವರೆಗೂ ಬೋಳಿಸಿ, ಉಳಿದ ರೆಂಬೆಕೊಂಬೆಗಳಿಗೆ ಬೆಂಕಿ ಇಟ್ಟರು.

ಮರುವರ್ಷ ಆ ಹಳ್ಳದ ಗರಿಷ್ಠ ಉಷ್ಣತೆ 14 ಡಿಗ್ರಿ ಸೆಲ್ಸಿಯಸ್‌ನಿಂದ 29ಕ್ಕೆ ಏರಿತು.

ತಣ್ಣೀರಿನ ಮೀನಿಗೆ ಇದು ಎರಡು ಕಡೆಯ ಏಟು. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಮೀನಿನ ದೇಹ ಹೆಚ್ಚು ಆಮ್ಲಜನಕ ಬೇಡುತ್ತದೆ. ನೀಡಲ್ ಬ್ರಾಂಚ್‌ನ ಕಟ್‌ಥ್ರೋಟ್ ಟ್ರೌಟ್‌ಗಳ ಸಂಖ್ಯೆ ಕುಸಿಯಿತು, 1973ರಲ್ಲಿ ಅಧ್ಯಯನ ಮುಗಿಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಕಾರಣ ಬಿಸಿಯೊಂದೇ ಅಲ್ಲ, ನೀರಿಗೆ ಬಿದ್ದ ಕಸಕಡ್ಡಿಯೂ ಹೂಳೂ ಸೇರಿಕೊಂಡಿದ್ದವು. ಡೀರ್ ಕ್ರೀಕ್‌ನಲ್ಲಿ ಕಡಿತದಿಂದ ನೀರು ಬಿಸಿಯಾದ ಗುರುತೇ ಇರಲಿಲ್ಲ.

ಕಡಿದ ಮೇಲೆ ಅಳೆದು ಮರುಗುವ ಬದಲು, ಕಡಿಯುವ ಮೊದಲೇ ಹೇಳಲು ಬರುವುದಿಲ್ಲವೇ? ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಜಾರ್ಜ್ ಬ್ರೌನ್ ಬೆನ್ನುಹತ್ತಿದ್ದು ಈ ಪ್ರಶ್ನೆಯನ್ನು. ಬೇಸಿಗೆಯ ಗಾಳಿ ಹಳ್ಳವನ್ನು ಕಾಯಿಸುತ್ತದೆ ಎಂದೇ ಯಾರಿಗಾದರೂ ತೋರುತ್ತದೆ. ಬ್ರೌನ್ ಶಾಖದ ಜಮಾಖರ್ಚು ಬರೆದಾಗ ಕಂಡದ್ದು ಬೇರೆ: ಹಗಲು ನೀರನ್ನು ಕಾಯಿಸುವುದು ಮುಖ್ಯವಾಗಿ ನೇರ ಬಿಸಿಲು. ಗಾಳಿಯ ಶಾಖ ಮತ್ತು ಆವಿಯಾಗುವಿಕೆಯ ಪಾಲು ಒಟ್ಟು ಶೇ 10ಕ್ಕೂ ಕಡಿಮೆ. ತಳದಲ್ಲಿ ಬರೀ ಬಂಡೆಯಿದ್ದರೆ ಶಾಖದ ಕಾಲು ಭಾಗದವರೆಗೂ ಅದೇ ಹೀರಿಕೊಳ್ಳುತ್ತಿತ್ತು. ಬಿಸಿಲು ಬೀಳುವ ನೀರಿನ ಹರವನ್ನು ಶಾಖದಿಂದ ಗುಣಿಸಿ, ಹರಿವಿನಿಂದ ಭಾಗಿಸಿದರೆ ಉಷ್ಣತೆ ಎಷ್ಟು ಏರೀತು ಎಂಬುದು ಸಿಗುತ್ತದೆ. 1969ರಲ್ಲಿ ಪ್ರಕಟವಾದ ಅವರ ಲೆಕ್ಕಾಚಾರ, ಗಂಟೆಗಂಟೆಯ ಏರಿಳಿತವನ್ನು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಒಂದು ಡಿಗ್ರಿ ಫ್ಯಾರನ್‌ಹೀಟ್ ಒಳಗೇ ಹೇಳಿತ್ತು. ಎಷ್ಟು ಸರಳ, ಎಷ್ಟು ಖಚಿತ! ಇಷ್ಟನ್ನು ಕಲಿಯಲು ಒಂದು ಹಳ್ಳವನ್ನೇ ಬೇಯಿಸಬೇಕಾಯಿತಲ್ಲ ಎಂಬುದೇ ಸಂಕಟ.

ಆರೆಗಾನ್ 1971ರಲ್ಲಿ ಅರಣ್ಯ ಕಡಿತವನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಮುಂದೆ ಉಷ್ಣತೆಯ ಅಂದಾಜು ಒಂದೆರಡು ಹಳ್ಳಗಳನ್ನು ದಾಟಿ ಇಡೀ ಪ್ರದೇಶಕ್ಕೆ ಹಬ್ಬಿತು. ಅಮೆರಿಕದ ಅರಣ್ಯ ಸೇವೆಯ ಡ್ಯಾನಿಯಲ್ ಐಸಾಕ್ ತಂಡ ನೂರಕ್ಕೂ ಹೆಚ್ಚು ಸಂಸ್ಥೆಗಳ ಕಡತಗಳಲ್ಲಿ ಚದುರಿದ್ದ ಅಳತೆಗಳನ್ನು ಕೂಡಿಹಾಕಿ, ಪಶ್ಚಿಮ ಅಮೆರಿಕದ ತೊರೆಗಳ ಆಗಸ್ಟ್ ಉಷ್ಣತೆಯ ನಕ್ಷೆ ಬರೆಯಿತು. ನಾರ್‌ವೆಸ್ಟ್ ಎಂಬ ಆ ನಕ್ಷೆಯ ಮೇಲೆ ಬುಲ್ ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಮುಂದೆಯೂ ತಂಪಾಗಿ ಉಳಿಯಬಹುದಾದ ತೊರೆಗಳನ್ನು ಗುರುತಿಸಬಹುದು.

ನೀಡಲ್ ಬ್ರಾಂಚ್ ಸುತ್ತ ಕಾಡು ಮತ್ತೆ ಬೆಳೆಯಿತು. 2009ರಲ್ಲಿ ಅದರ ಮೇಲ್ಭಾಗವನ್ನು ಮತ್ತೆ ಕಡಿದರು. ಈ ಸಲ ಮೀನಿರುವ ಕಡೆ ದಡದ ಮರಗಳನ್ನು ಉಳಿಸಿದ್ದರು. ನೀರಿನ ಬೇಸಿಗೆಯ ಉಷ್ಣತೆಯಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.